ಟಾಮ್ ವಿಲ್ಸ್‌ನ ಪೂರ್ತಿ ಕಥೆ ಹೇಳೋಣ: ಮೆಲ್ಬರ್ನಿನ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಮೆಲ್ಬರ್ನಿನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ನನ್ನ ನಮಸ್ಕಾರ.

ನಾನು ಹಾಸನ ಜಿಲ್ಲೆಯವನು. 30 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಕೊರಳಲ್ಲಿ ವಿಷಲ್, ಕೈಯಲ್ಲಿ ಗೆರೆ ಹಾಕುವ ಸುಣ್ಣದ ಬುಟ್ಟಿ, ಹೀಗೇ ವರ್ಷಗಳು ಕಳೆದವು. ಈಗ ಮಗಳ ಮನೆಗೆ ಬಂದಿದ್ದೇನೆ. ಮಗಳು, ಅಳಿಯ ಇಬ್ಬರಿಗೂ ವಾರವೆಲ್ಲ ಕೆಲಸ. ಎಂಟು ವರ್ಷದ ಮೊಮ್ಮಗನನ್ನು ಆಸ್‌ಕಿಕ್‌ಗೆ, ಅಂದರೆ ಚಿಕ್ಕ ಮಕ್ಕಳಿಗೆ ಆಸ್ಟ್ರೇಲಿಯಾದ ಫುಟ್‌ಬಾಲ್ ಕಲಿಸುವಲ್ಲಿಗೆ, ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ.

ಅಲ್ಲಿ ನಿಮ್ಮಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ತಂದು ಗೆರೆಯ ಆಚೆ ನಿಂತಿರುತ್ತೀರಿ. ಮಕ್ಕಳು ಆ ಉದ್ದನೆಯ ಚೆಂಡಿನ ಹಿಂದೆ ಬಿದ್ದು ಎದ್ದು ಓಡುತ್ತಾರೆ. "ಮಾರ್ಕ್ ಹಿಡಿಯೋ, ಹ್ಯಾಂಡ್‌ಬಾಲ್ ಮಾಡೋ" ಅಂತ ನೀವು ಕೂಗುತ್ತೀರಿ. ಅದನ್ನು ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ನಮ್ಮ ಮಕ್ಕಳು ಈ ಊರಿನ ಆಟವನ್ನು ತಮ್ಮದು ಮಾಡಿಕೊಂಡಿದ್ದಾರೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ತಿಂಗಳ ಹಿಂದೆ ಮೊಮ್ಮಗ ಎಲ್ಲಿಂದಲೋ ಒಂದು ಹಾಳೆ ತಂದ. ಫುಟಿಯ ಚರಿತ್ರೆ, ಮಕ್ಕಳಿಗಾಗಿ. ಫುಟಿ ಅಂದರೆ ಇಲ್ಲಿಯವರ ಆ ಫುಟ್‌ಬಾಲೇ. ಅದರಲ್ಲಿ ಟಾಮ್ ವಿಲ್ಸ್ ಬಗ್ಗೆ ಎರಡೇ ಸಾಲು. ಆಟ ಶುರು ಮಾಡಿದವನು, ದೊಡ್ಡ ಆಟಗಾರ, ಅಷ್ಟೇ. ಹುಡುಗ ಓದಿ ಮುಗಿಸಿ ಕೇಳಿದ: "ತಾತ, ಆಮೇಲೆ ಅವನು ಏನಾದ?" ನನಗೆ ಗೊತ್ತಿರಲಿಲ್ಲ. ಮಗಳ ಲೈಬ್ರರಿ ಕಾರ್ಡ್ ತೆಗೆದುಕೊಂಡು ಓದಲು ಶುರು ಮಾಡಿದೆ. ಓದುತ್ತಾ ಹೋದ ಹಾಗೆ ಆ ಎರಡು ಸಾಲು ನನ್ನನ್ನು ಕಾಡತೊಡಗಿದವು. ಮಕ್ಕಳಿಗೆ ನಾವು ಅರ್ಧ ಮನುಷ್ಯನನ್ನು ಕೊಡುತ್ತಿದ್ದೇವೆ. ಹೇಳಲು ಕಷ್ಟವಾಗುವ ಉಳಿದ ಅರ್ಧವನ್ನು ಹಾಗೇ ಬಿಟ್ಟಿದ್ದೇವೆ.

ಮೊದಲು ಸುಲಭದ ಅರ್ಧವನ್ನೇ ಹೇಳುತ್ತೇನೆ. ಅದೂ ಎರಡು ಸಾಲಿಗೆ ಸಿಗುವಂಥದ್ದಲ್ಲ.

ಟಾಮ್ ಹುಟ್ಟಿದ್ದು 1835ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ. ಅವನ ಅಜ್ಜ ಇಂಗ್ಲೆಂಡಿನಲ್ಲಿ ದರೋಡೆ ಮಾಡಿ ಶಿಕ್ಷೆಯಾಗಿ, ಹಡಗು ಹತ್ತಿ ಬಂದ ಕೈದಿ. ಅಪ್ಪ ಹೊರೇಷಿಯೊ ವಿಲ್ಸ್ ಕುರಿ ಸಾಕಿ ಸಾಹುಕಾರನಾದವನು. ಟಾಮ್ ಚಿಕ್ಕವನಿದ್ದಾಗಲೇ ಮನೆಯವರು ಪಶ್ಚಿಮ ವಿಕ್ಟೋರಿಯಾಕ್ಕೆ, ಗ್ರಾಂಪಿಯನ್ಸ್ ಬೆಟ್ಟಗಳ ಕಡೆಗೆ ಬಂದರು. ಅದು ಜಾಬ್‌ವುರಂಗ್ ಅನ್ನುವ ಮೂಲನಿವಾಸಿ ಜನರ ನೆಲ. ಸುತ್ತ ಬಿಳಿಯರ ಮಕ್ಕಳು ಇರಲಿಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಟಾಮ್ ಆ ಜನರ ಮಕ್ಕಳ ಜೊತೆಯೇ ಬೆಳೆದ. ಅವರ ಭಾಷೆ ಕಲಿತ, ಹಾಡು ಕಲಿತ, ಕುಣಿತ ಕಲಿತ. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

14ನೇ ವಯಸ್ಸಿಗೆ ಅಪ್ಪ ಅವನನ್ನು ಇಂಗ್ಲೆಂಡಿನ ರಗ್ಬಿ ಸ್ಕೂಲಿಗೆ ಕಳಿಸಿದ. ಓದು ತಲೆಗೆ ಹತ್ತಲಿಲ್ಲ. ಆಟ ಹತ್ತಿತು. ಶಾಲೆಯ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್ ಆದ. 1856ರ ಡಿಸೆಂಬರ್‌ನಲ್ಲಿ ಮೆಲ್ಬರ್ನಿಗೆ ವಾಪಸ್ ಬಂದಾಗ ಅವನಿಗೆ 21 ವರ್ಷ. ಚಿನ್ನ ಸಿಕ್ಕಿ ಊರು ಉಬ್ಬುತ್ತಿದ್ದ ಕಾಲ. ಬಂದವನೇ ವಿಕ್ಟೋರಿಯಾದ ದೊಡ್ಡ ಕ್ರಿಕೆಟ್ ಆಟಗಾರನಾದ.

1858ರ ಜುಲೈ 10ರಂದು ಅವನ ಒಂದು ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ ಅನ್ನುವ ಪತ್ರಿಕೆ. ಚಳಿಗಾಲ ಬಂತು, ಕ್ರಿಕೆಟ್ ನಿಂತಿತು, ಆಟಗಾರರು ಗೂಡಿನೊಳಗಿನ ಹುಳುವಿನ ಹಾಗೆ ಮಲಗಿದ್ದಾರೆ. ಕೈಕಾಲು ಜಡವಾಗುವ ಮೊದಲು ಒಂದು ಫುಟ್‌ಬಾಲ್ ಕ್ಲಬ್ ಮಾಡಿ, ನಿಯಮ ಬರೆಯಲು ಒಂದು ಸಮಿತಿ ಮಾಡಿ, ಅಂತ ಅವನು ಬರೆದ. ಅದೂ ಒಂದು ಬಹಿರಂಗ ಪತ್ರವೇ ಅಲ್ವಾ? ಒಬ್ಬ ಯುವಕ ಊರಿನ ಎಲ್ಲರಿಗೂ ಬರೆದದ್ದು. ಅವನಿಗಿಂತ ಮೊದಲೂ ಮೆಲ್ಬರ್ನಿನಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರು. ಆದರೆ ಕ್ಲಬ್ ಬೇಕು, ನಿಯಮ ಬೇಕು ಅಂತ ಕೂತು ಬರೆದವನು ಟಾಮ್.

ಆ ಪತ್ರದ ನಂತರ ಒಂದು ತಿಂಗಳೂ ಕಳೆದಿರಲಿಲ್ಲ. ಆಗಸ್ಟ್ 7ರಂದು ಸ್ಕಾಚ್ ಕಾಲೇಜ್ ಮತ್ತು ಮೆಲ್ಬರ್ನ್ ಗ್ರಾಮರ್ ಅನ್ನುವ ಎರಡು ಶಾಲೆಗಳ ಹುಡುಗರು ಈಗಿನ ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಪಕ್ಕದ ಮೈದಾನದಲ್ಲಿ ಆಡಿದರು. ಒಂದೊಂದು ಕಡೆ 40 ಜನ. ಗೋಲುಗಳ ನಡುವೆ ಸುಮಾರು ಅರ್ಧ ಮೈಲಿ ದೂರ. ಇಬ್ಬರು ಅಂಪೈರ್‌ಗಳಲ್ಲಿ ಒಬ್ಬ ಟಾಮ್, ಇನ್ನೊಬ್ಬ ಡಾಕ್ಟರ್ ಜಾನ್ ಮೆಕಾಡಮ್. ನೀವು ಅಂಗಡಿಯಲ್ಲಿ ಕೊಳ್ಳುವ ಮೆಕಡೇಮಿಯ ಬೀಜಕ್ಕೆ ಇವನದೇ ಹೆಸರು. ಮೊದಲ ದಿನ ಸಂಜೆಯವರೆಗೆ ಆಡಿ ಒಂದೊಂದು ಗೋಲಾಯಿತು. ಆಮೇಲೆ ಇನ್ನೂ ಎರಡು ದಿನ ಬಂದು ಆಡಿದರು. ಆದರೂ ಯಾರೂ ಗೆಲ್ಲಲಿಲ್ಲ. ಎಂಸಿಜಿ ಹೊರಗಿನ ಕಂಚಿನ ಪ್ರತಿಮೆ ಅದೇ ಆಟದ್ದು. ಇಬ್ಬರು ಹುಡುಗರು ಚೆಂಡಿಗೆ ಕಿತ್ತಾಡುತ್ತಿದ್ದಾರೆ, ಟಾಮ್ ಅಂಪೈರ್ ಆಗಿ ನಿಂತಿದ್ದಾನೆ.

ಮರುವರ್ಷ, 1859ರ ಮೇ 17ರಂದು, ಎಂಸಿಜಿ ಹತ್ತಿರದ ಪೆರೇಡ್ ಹೋಟೆಲಿನಲ್ಲಿ ಮೆಲ್ಬರ್ನ್ ಕ್ಲಬ್ಬಿನ ಕೆಲವರು ಕೂತು ಹತ್ತು ನಿಯಮ ಬರೆದರು. ಟಾಮ್, ಹ್ಯಾಮರ್ಸ್ಲಿ, ಥಾಮ್ಸನ್, ಸ್ಮಿತ್ ಮುಖ್ಯವಾಗಿ ಇದ್ದವರು. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಅಂದರೆ ಇವರು ನಾಲ್ಕು ವರ್ಷ ಮುಂದೆ.

ಪಿ.ಟಿ. ಮೇಷ್ಟ್ರಾಗಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಹತ್ತು ನಿಯಮ. ನಮ್ಮ ಹಳ್ಳಿಯಲ್ಲಿ ಮಕ್ಕಳು ಚಿನ್ನಿದಾಂಡು ಆಡುವಾಗ ನೋಡಿದ್ದೀರಲ್ಲ? ಈ ಬೀದಿಯಲ್ಲಿ ಒಂದು ನಿಯಮ, ಆ ಬೀದಿಯಲ್ಲಿ ಇನ್ನೊಂದು. ಇಲ್ಲಿ ಬಾವಿ ಇದೆ, ಅಲ್ಲಿ ಮುಳ್ಳುಬೇಲಿ ಇದೆ, ನಿಯಮ ಅದಕ್ಕೆ ತಕ್ಕ ಹಾಗೆ ಬಾಗುತ್ತದೆ. ಇವರೂ ಹಾಗೇ ಮಾಡಿದರು. ಟಾಮ್ ಕಲಿತ ರಗ್ಬಿ ಆಟದಲ್ಲಿ ಎದುರಿನವನ ಕಾಲಿಗೆ ಬೂಟಿನಲ್ಲಿ ಒದೆಯಬಹುದಿತ್ತು. ಇಲ್ಲಿಯ ನೆಲ ಗಟ್ಟಿ. ಆಡುವವರು ದೊಡ್ಡವರು, ಸೋಮವಾರ ಕೆಲಸಕ್ಕೆ ಹೋಗಬೇಕಾದವರು. ಅದಕ್ಕೆ, ತಳ್ಳಬಹುದು, ಕಾಲಿಗೆ ಒದೆಯುವಂತಿಲ್ಲ ಅಂದರು. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಲು ಬೇಕಾದಷ್ಟು ಹೊತ್ತು ಮಾತ್ರ. ಆಫ್‌ಸೈಡ್ ಅನ್ನುವ ಮಾತೇ ಬರೆಯಲಿಲ್ಲ. ಇವತ್ತಿಗೂ ಫುಟಿಯಲ್ಲಿ ಆಫ್‌ಸೈಡ್ ಇಲ್ಲ. ನಿಮ್ಮ ಮಗ ಎದುರು ಗೋಲಿನ ಮುಂದೆ ಒಬ್ಬನೇ ನಿಂತು "ಇಲ್ಲಿ, ಇಲ್ಲಿ" ಅಂತ ಕೈ ಬೀಸಬಹುದಾದರೆ, ಅದಕ್ಕೆ ಕಾರಣ ಆ ಸಂಜೆ.

ಟಾಮ್ ಹೇಳಿದ್ದೆಲ್ಲ ನಡೆಯಲಿಲ್ಲ. ರಗ್ಬಿ ಸ್ಕೂಲಿನ ಕೆಲವು ಪದ್ಧತಿ ಅವನಿಗೆ ಬೇಕಿತ್ತು, ಉಳಿದವರು ಒಪ್ಪಲಿಲ್ಲ. ಆದರೆ ಆಟ ನೋಡುವ ಕಣ್ಣು ಅವನಿಗೆ ಇತ್ತು. 1860ರಲ್ಲಿ ರಿಚ್ಮಂಡ್ ಕ್ಲಬ್ಬಿನ ಕ್ಯಾಪ್ಟನ್ ಆಗಿ ಮೆಲ್ಬರ್ನ್ ವಿರುದ್ಧ ಆಡುವಾಗ ಅವನು ತನ್ನವರನ್ನು ಮೈದಾನದ ಉದ್ದಕ್ಕೂ ಹರಡಿ ನಿಲ್ಲಿಸಿದ. ಎಲ್ಲರೂ ಚೆಂಡಿನ ಸುತ್ತ ಜೇನಿನ ಹಾಗೆ ಮುತ್ತುತ್ತಿದ್ದ ಕಾಲ ಅದು. ಇವನ ಹುಡುಗರು ಒಬ್ಬರಿಂದ ಒಬ್ಬರಿಗೆ ಒದ್ದು ಚೆಂಡನ್ನು ಮುಂದೆ ಸಾಗಿಸಿದರು. ಮೆಲ್ಬರ್ನ್, ರಿಚ್ಮಂಡ್, ಆಮೇಲೆ ಜೀಲಾಂಗ್, ಹೋದಲ್ಲೆಲ್ಲ ಅವನೇ ಕ್ಯಾಪ್ಟನ್. 1870ರ ದಶಕದವರೆಗೂ ಆಡಿದ. ಒಟ್ಟು 200ಕ್ಕೂ ಹೆಚ್ಚು ಪಂದ್ಯ. ಆಗ ವರ್ಷಕ್ಕೆ ಎಷ್ಟು ಪಂದ್ಯ ಸಿಗುತ್ತಿದ್ದವು ಅಂತ ಯೋಚಿಸಿದರೆ ಅದು ದೊಡ್ಡ ಲೆಕ್ಕ.

ಜೊತೆಗೆ ಅವನು ಕಷ್ಟದ ಮನುಷ್ಯ ಕೂಡ. ನಿಯಮ ಎಲ್ಲಿ ಸಡಿಲ ಇದೆಯೋ ಅಲ್ಲಿ ಕೈ ಹಾಕುತ್ತಿದ್ದ. ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದ. ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿಗೆ ಕಾರ್ಯದರ್ಶಿಯಾಗಿ ಕಾಗದ ಪತ್ರಗಳನ್ನೆಲ್ಲ ಕಲಸುಮೇಲೋಗರ ಮಾಡಿಟ್ಟು ಹೋದ. ಜಗಳ ಜಾಸ್ತಿ. ಮಕ್ಕಳಿಗೆ ಇದನ್ನೂ ಹೇಳಬಹುದು. ಕೇಳಿ ನಗುತ್ತಾರೆ, ಹತ್ತಿರವಾಗುತ್ತಾರೆ.

ಇಲ್ಲಿಂದ ಮುಂದೆ ಹೇಳುವುದು ಕಷ್ಟ.

1861ರಲ್ಲಿ ಅಪ್ಪ ಕ್ವೀನ್ಸ್‌ಲ್ಯಾಂಡಿನಲ್ಲಿ ಹೊಸ ಜಮೀನು ಹಿಡಿಯಲು ಹೊರಟ. ಟಾಮ್‌ನನ್ನೂ ಕರೆದುಕೊಂಡ. 10,000ಕ್ಕೂ ಹೆಚ್ಚು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ನಡೆದು, ಈಗಿನ ಸ್ಪ್ರಿಂಗ್‌ಷೂರ್ ಹತ್ತಿರ, ಕಲಿನ್‌ಲಾರಿಂಗೊ ಅನ್ನುವ ಜಾಗ ಮುಟ್ಟಿದರು. ಅದು ಗಾಯಿರಿ ಜನರ ನೆಲ. ಇವರು ಬರುವ ಹೊತ್ತಿಗೆ ಅಲ್ಲಿ ಆಗಲೇ ರಕ್ತ ಹರಿದಿತ್ತು. ಪಕ್ಕದ ಜಮೀನಿನ ಗ್ರೆಗ್ಸನ್ ಅನ್ನುವವನು ಜಾನುವಾರು ಕದ್ದರು ಅಂತ ಗಾಯಿರಿ ಜನರ ಮೇಲೆ ಗುಂಡು ಹಾರಿಸಿದ್ದ. ಅದಕ್ಕೆ ಪ್ರತೀಕಾರವಾಗಿ ಅಕ್ಟೋಬರ್ 17ರ ಮಧ್ಯಾಹ್ನ ಗಾಯಿರಿ ಜನ ವಿಲ್ಸ್ ಬಿಡಾರದ ಮೇಲೆ ಬಿದ್ದರು. 19 ಜನ ಸತ್ತರು. ಹೆಂಗಸರು ಮಕ್ಕಳೂ ಸೇರಿ. ಟಾಮ್‌ನ ಅಪ್ಪನೂ ಸತ್ತ. ಟಾಮ್ ಸಾಮಾನು ತರಲು ಇನ್ನಿಬ್ಬರ ಜೊತೆ ಹೋಗಿದ್ದ. ಅದಕ್ಕೆ ಉಳಿದ.

ಆಮೇಲೆ ನಡೆದದ್ದು ಇದಕ್ಕಿಂತ ದೊಡ್ಡದು. ಪೊಲೀಸರು, ಸುತ್ತಲಿನ ಬಿಳಿಯರು ಸೇರಿ ಗಾಯಿರಿ ಜನರನ್ನು ಹುಡುಕಿ ಹುಡುಕಿ ಕೊಂದರು. ಸತ್ತವರು 300ಕ್ಕೂ ಹೆಚ್ಚು ಇರಬಹುದು ಅಂತ ಅಂದಾಜು ಮಾಡಿದವರಿದ್ದಾರೆ. ಅವರ ಹೆಸರು ಯಾರೂ ಬರೆದಿಡಲಿಲ್ಲ. 19 ಜನರಿಗೆ ಸಮಾಧಿ ಇದೆ, ಕಲ್ಲು ಇದೆ.

ಟಾಮ್ ಆ ಕೊಲೆಗಳಲ್ಲಿ ಸೇರಿದ್ದನಾ? ಬಹಳ ಕಾಲ ಇಲ್ಲ ಅಂತಲೇ ಹೆಚ್ಚಿನವರು ನಂಬಿದ್ದರು. 2021ರಲ್ಲಿ ಒಂದು ಹಳೆಯ ಲೇಖನ ಬೆಳಕಿಗೆ ಬಂತು. 1895ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ಬಂದದ್ದು. ಟಾಮ್‌ನೇ ತನಗೆ ಹೇಳಿದ, ಅವನೂ ಆ ಗುಂಪಿನಲ್ಲಿದ್ದ, ಅಂತ ಅದನ್ನು ಬರೆದವನ ಮಾತು. ಟಾಮ್ ಸತ್ತು 15 ವರ್ಷವಾದ ಮೇಲೆ ಬರೆದದ್ದು. ನಂಬಬೇಕೋ ಬೇಡವೋ ಅಂತ ಇತಿಹಾಸಕಾರರು ಈಗಲೂ ವಾದ ಮಾಡುತ್ತಿದ್ದಾರೆ. ನಾನು ಅದಕ್ಕೆ ತೀರ್ಪು ಕೊಡಲಾರೆ. ಆದರೆ ಒಂದು ಮಾತು. ಅವನು ಬಂದೂಕು ಹಿಡಿದನೋ ಇಲ್ಲವೋ, ಆ ಜಮೀನಿನಲ್ಲಿ ಇದೆಲ್ಲ ಆದ ಮೇಲೂ ಅವನ ಮನೆಯವರ ಕುರಿ ಮೇಯುತ್ತಿತ್ತು. ಅದರಲ್ಲಿ ಅನುಮಾನ ಇಲ್ಲ.

ಇದನ್ನು ಎಂಟು ವರ್ಷದ ಹುಡುಗನಿಗೆ ಹೇಗೆ ಹೇಳುವುದು? ನಾನು ಮೂರು ದಿನ ಯೋಚಿಸಿದೆ. ಮಗಳು, "ಬೇಡಪ್ಪ, ಚಿಕ್ಕವನು" ಅಂದಳು. ಅವಳ ಮಾತಿನಲ್ಲೂ ನ್ಯಾಯ ಇದೆ. ಕೊನೆಗೆ ಸರಳವಾಗಿ ಹೇಳಿದೆ. ಒಬ್ಬರ ನೆಲಕ್ಕೆ ಇನ್ನೊಬ್ಬರು ಕೇಳದೆ ಬಂದರು. ಮೊದಲು ಇವರು ಅವರನ್ನು ಕೊಂದರು. ಅವರು ತಿರುಗಿ ಇವರನ್ನು ಕೊಂದರು. ಆಮೇಲೆ ಇವರು ಅವರನ್ನು ಲೆಕ್ಕವಿಲ್ಲದಷ್ಟು ಕೊಂದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅವರ ಮಕ್ಕಳು ಈಗ ಎಲ್ಲಿದ್ದಾರೆ?" ಅಂದ. ನಾನು ಹೆದರಿದ್ದ ಹಾಗೆ ಏನೂ ಆಗಲಿಲ್ಲ. ಮಕ್ಕಳಿಗೆ ನ್ಯಾಯ ಅನ್ಯಾಯ ಬೇಗ ತಿಳಿಯುತ್ತದೆ. ಮೈದಾನದಲ್ಲಿ ದಿನಾ ಅದನ್ನೇ ನೋಡಿದವನು ನಾನು.

ಈಗ ಬರುವುದು ಈ ಕಥೆಯಲ್ಲಿ ನನಗೆ ಅತಿ ಆಶ್ಚರ್ಯ ತಂದ ಭಾಗ. ಅಪ್ಪನನ್ನು ಕಳೆದುಕೊಂಡು ಐದು ವರ್ಷವಾಗಿತ್ತು. 1866ರ ಕೊನೆಯಲ್ಲಿ ಟಾಮ್ ಪಶ್ಚಿಮ ವಿಕ್ಟೋರಿಯಾದ ಎಡೆನ್‌ಹೋಪ್ ಕಡೆಗೆ ಹೋಗಿ ಮೂಲನಿವಾಸಿಗಳ ಒಂದು ಕ್ರಿಕೆಟ್ ತಂಡಕ್ಕೆ ಕೋಚ್ ಆದ. ಅವರು ಕುರಿ ಫಾರಂಗಳಲ್ಲಿ ದುಡಿಯುತ್ತಿದ್ದ ಆಳುಗಳು. ಅವರಲ್ಲಿ ಹಲವರು ಆಡುತ್ತಿದ್ದ ಮಾತು, ಟಾಮ್ ಚಿಕ್ಕಂದಿನಲ್ಲಿ ಕಲಿತ ಜಾಬ್‌ವುರಂಗ್ ಭಾಷೆಗೆ ತೀರಾ ಹತ್ತಿರದ್ದು. ಅದೇ ವರ್ಷ ಡಿಸೆಂಬರ್ 26ರಂದು, ಬಾಕ್ಸಿಂಗ್ ಡೇ ದಿನ, ಅವರನ್ನು ಎಂಸಿಜಿಗೆ ಕರೆತಂದ. ತಾನೇ ಕ್ಯಾಪ್ಟನ್ ಆಗಿ ಜೊತೆಗೆ ಆಡಿದ. ನೋಡಲು ಸುಮಾರು 10,000 ಜನ ಬಂದಿದ್ದರು. ಪಂದ್ಯವನ್ನು ಎದುರಾಳಿ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ ಗೆದ್ದಿತು. ಆದರೆ ಜನ ಉನಾರಿಮಿನ್ ಅನ್ನುವ ಆಟಗಾರನಿಗೆ ಚಪ್ಪಾಳೆ ಹೊಡೆದರು. ಬಿಳಿಯರು ಅವರನ್ನು ಜಾನಿ ಮುಲ್ಲಾ ಅಂತ ಕರೆಯುತ್ತಿದ್ದರು.

ಅಪ್ಪನನ್ನು ಕೊಂದವರು ಬೇರೆ ಜನ, ಇವರು ಬೇರೆ ಜನ ಅಂತ ಅವನು ಅಂದುಕೊಂಡನಾ? ಬಾಲ್ಯದ ಗೆಳೆಯರ ನೆನಪಾಯಿತಾ? ಅಥವಾ ದುಡ್ಡು ಬೇಕಿತ್ತಾ? ಅವನು ಏನೂ ಬರೆದಿಟ್ಟಿಲ್ಲ. ನನಗೆ ಅನ್ನಿಸುವುದು, ಅವನಿಗೆ ಮೈದಾನ ಬಿಟ್ಟರೆ ಬೇರೆ ಜಾಗ ನೆಮ್ಮದಿ ಕೊಡುತ್ತಿರಲಿಲ್ಲ. ಮೈದಾನದಲ್ಲಿ ಅವನು ನೋಡುತ್ತಿದ್ದದ್ದು ಆಟ ಒಂದನ್ನೇ.

ಆ ತಂಡದ ಕಥೆ ಮುಂದೆ ಕೆಟ್ಟಿತು. 1867ರಲ್ಲಿ ಸಿಡ್ನಿಗೆ ಹೋದಾಗ ದುಡ್ಡು ಹಾಕುತ್ತೇನೆ ಅಂದ ದಲ್ಲಾಳಿ ಕೈಕೊಟ್ಟ. ಊರಿಗೆ ಮರಳುವಷ್ಟರಲ್ಲಿ ಕಾಯಿಲೆ ಬಿದ್ದು ಹಲವರು ತೀರಿಕೊಂಡರು. ಟಾಮ್‌ನ ಕೈ ತಪ್ಪಿತು. ಉಳಿದವರನ್ನು ಚಾರ್ಲ್ಸ್ ಲಾರೆನ್ಸ್ ಅನ್ನುವವನು 1868ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಆಡಲು ಹೋದ ಮೊದಲ ತಂಡ ಅದು. 47 ಪಂದ್ಯ ಆಡಿದರು. 14 ಗೆದ್ದರು, 14 ಸೋತರು, 19 ಡ್ರಾ. ಕಿಂಗ್ ಕೋಲ್ ಅನ್ನುವ ಆಟಗಾರ ಲಂಡನ್ನಿನಲ್ಲೇ ಸತ್ತು ಅಲ್ಲೇ ಮಣ್ಣಾದರು. 1869ರಲ್ಲಿ ವಿಕ್ಟೋರಿಯಾ ಸರ್ಕಾರ ಒಂದು ಕಾನೂನು ಮಾಡಿತು. ಮೂಲನಿವಾಸಿಗಳನ್ನು ಅಪ್ಪಣೆಯಿಲ್ಲದೆ ವಿಕ್ಟೋರಿಯಾದ ಹೊರಗೆ ಕರೆದೊಯ್ಯುವಂತಿಲ್ಲ ಅಂತ. ಅಲ್ಲಿಗೆ ಆ ತಂಡ ಮುಗಿಯಿತು.

ಇಲ್ಲಿ ನಮಗೂ ಒಂದು ನಂಟು ಇದೆ. ಬಾಕ್ಸಿಂಗ್ ಡೇ ಟೆಸ್ಟ್‌ಗೆ ಭಾರತ ಬಂದರೆ ನೀವೆಲ್ಲ ಎಂಸಿಜಿಯಲ್ಲಿ ಇರುತ್ತೀರಿ. 2018ರ ಡಿಸೆಂಬರ್ 26ರಂದು ನಮ್ಮ ಮಯಾಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಿದ್ದು ಅಲ್ಲೇ. 76 ಹೊಡೆದ. ನಾನು ಊರಿನಲ್ಲಿ ಬೆಳಗಿನ ಜಾವ ಎದ್ದು ಟಿವಿಯಲ್ಲಿ ನೋಡಿದ್ದೆ. ಎರಡು ವರ್ಷದ ನಂತರ, 2020ರಲ್ಲಿ, ಆ ಟೆಸ್ಟ್‌ನ ಶ್ರೇಷ್ಠ ಆಟಗಾರನಿಗೆ ಮುಲ್ಲಾ ಮೆಡಲ್ ಕೊಡಲು ಶುರು ಮಾಡಿದರು. ಮೊದಲು ಅದನ್ನು ಕೊರಳಿಗೆ ಹಾಕಿಕೊಂಡದ್ದು ಅಜಿಂಕ್ಯ ರಹಾನೆ. ಮುಲ್ಲಾ ಅಂದರೆ ಟಾಮ್‌ನ ತಂಡದ ಆ ಉನಾರಿಮಿನ್. ರಹಾನೆಗೆ ಮೆಡಲ್ ಹಾಕುವಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಆ ಹೆಸರು ಯಾರದ್ದು ಅಂತ ನಾನಂತೂ ಕೇಳಲಿಲ್ಲ.

ಇನ್ನೊಂದು ವಿಷಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಫುಟಿ ಮೂಲನಿವಾಸಿಗಳ ಆಟದಿಂದ ಬಂತಾ? ಪಶ್ಚಿಮ ವಿಕ್ಟೋರಿಯಾದ ಜನ ಪಾಸಮ್ ಅನ್ನುವ ಪ್ರಾಣಿಯ ಚರ್ಮದಲ್ಲಿ ಚೆಂಡು ಹೊಲಿದು, ಒದ್ದು, ಎತ್ತರ ಹಾರಿ ಹಿಡಿಯುತ್ತಿದ್ದರು. ಅದಕ್ಕೆ ಮರ್ನ್‌ಗ್ರೂಕ್ ಅನ್ನುತ್ತಾರೆ. ಟಾಮ್ ಚಿಕ್ಕಂದಿನಲ್ಲಿ ಅದನ್ನು ನೋಡಿ ಕಲಿತ ಅಂತ ಕೆಲವರು. ಅದಕ್ಕೆ ಬರೆದ ಪುರಾವೆ ಒಂದೂ ಇಲ್ಲ, ನಿಯಮಗಳೆಲ್ಲ ಇಂಗ್ಲಿಷ್ ಶಾಲೆಗಳ ಆಟದಿಂದ ಬಂದವು ಅಂತ ಇನ್ನು ಕೆಲವರು. ಆ ಜಗಳ ಮುಗಿದಿಲ್ಲ. ಎರಡೂ ಮಾತನ್ನು ಮಕ್ಕಳ ಮುಂದೆ ಇಡಿ. ಟಾಮ್ ನಿಯಮ ಬರೆಯುವ ಮೊದಲೇ ಈ ನೆಲದ ಮಕ್ಕಳು ಚೆಂಡಿಗೆ ಹಾರುತ್ತಿದ್ದರು ಅನ್ನುವುದು ಮಾತ್ರ ನಿಜ. ಅದನ್ನು ಬಿಡಬೇಡಿ.

ಟಾಮ್‌ನ ಕೊನೆಯ ವರ್ಷಗಳ ಬಗ್ಗೆ ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಈ ಪತ್ರಕ್ಕೆ ಅದೇ ಕಾರಣ.

ಕ್ವೀನ್ಸ್‌ಲ್ಯಾಂಡಿನಿಂದ ಬಂದ ಮೇಲೆ ಅವನಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಆ ದಿನದ ನೆನಪು ಬಿಡುತ್ತಿರಲಿಲ್ಲ. ಕುಡಿತ ಮೊದಲೇ ಇತ್ತು, ಈಗ ಮಿತಿ ಮೀರಿತು. ಮದುವೆ ನಿಶ್ಚಯ ಮುರಿಯಿತು. 1872ರಲ್ಲಿ, ಅವನು ಚೆಂಡು ಎಸೆಯುತ್ತಿದ್ದಾನೆ ಅಂತ ಅಂಪೈರ್ ನೋಬಾಲ್ ಕೊಟ್ಟ. ಒಂದು ಕಾಲದಲ್ಲಿ ಊರೆಲ್ಲ ಹೊತ್ತು ಮೆರೆಸಿದ ಬೌಲರ್‌ಗೆ ಅದು ದೊಡ್ಡ ಅವಮಾನ. ದುಡ್ಡು ಹೋಯಿತು. ಗೆಳೆಯರು ದೂರವಾದರು. ಕೊನೆಗೆ ಹೈಡಲ್‌ಬರ್ಗ್‌ನಲ್ಲಿ, ಸಾರಾ ಬಾರ್ಬರ್ ಅನ್ನುವ ಹೆಂಗಸಿನ ಜೊತೆ ಬಾಳುತ್ತಿದ್ದ. ಕುಡಿತ ಬಿಟ್ಟಾಗ ಬರುವ ನಡುಕ, ಭ್ರಮೆ ಶುರುವಾಗಿ 1880ರ ಮೇ 1ರಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದ. ಮರುದಿನ ತನ್ನ ಪ್ರಾಣ ತಾನೇ ತೆಗೆದುಕೊಂಡ. 44 ವರ್ಷ.

ಹೂಳುವಾಗ ಕೆಲವೇ ಜನ ಇದ್ದರು. ಸಮಾಧಿಗೆ ಕಲ್ಲು ಇರಲಿಲ್ಲ. ಅವನ ಹೆಸರು ಹೇಳಿ ವಿಚಾರಿಸಿದಾಗ ಹೆತ್ತ ತಾಯಿ, "ಆ ಹೆಸರಿನ ಮಗ ನನಗಿಲ್ಲ" ಅಂದಳಂತೆ. ಈ ಕಥೆ ಬಾಯಿಂದ ಬಾಯಿಗೆ ಬಂದದ್ದು. ಆದರೆ ಕೇಳಿದಾಗ ನನ್ನ ಎದೆ ನಡುಗಿತು. ಅವನ ಬಂಧು ಹ್ಯಾರಿಸನ್, ಒಳ್ಳೆಯ ಆಟಗಾರನೇ, 1866ರಲ್ಲಿ ನಿಯಮ ತಿದ್ದಿದವನು, ಅವನನ್ನು ಜನ ಫುಟ್‌ಬಾಲ್‌ನ ತಂದೆ ಅಂತ ಕರೆದರು. ಟಾಮ್ ಹೆಸರು ಹಿಂದಕ್ಕೆ ಸರಿಯಿತು. ಅವನ ಸಮಾಧಿಗೆ ಕಲ್ಲು ನಿಂತಿದ್ದು 1980ರಲ್ಲಿ. ಸತ್ತು ನೂರು ವರ್ಷವಾದ ಮೇಲೆ.

ನನ್ನ ಜೊತೆ ಒಬ್ಬ ವಾಲಿಬಾಲ್ ಆಡುತ್ತಿದ್ದ. ನಮ್ಮ ತಾಲ್ಲೂಕಿನಲ್ಲಿ ಅವನಂಥ ಸ್ಮ್ಯಾಷರ್ ಇರಲಿಲ್ಲ. ಜಾತ್ರೆಯ ಪಂದ್ಯಕ್ಕೆ ಅವನು ಬರುತ್ತಾನೆ ಅಂದರೆ ಸುತ್ತಲಿನ ಹಳ್ಳಿಯವರು ಟ್ರಾಕ್ಟರ್ ಹತ್ತಿ ಬರುತ್ತಿದ್ದರು. ಮೊಣಕಾಲು ಹೋಯಿತು. ಆಟ ನಿಂತಿತು. ಕುಡಿತ ಶುರುವಾಯಿತು. ಮನೆಯವರು ಅವನ ಮಾತೆತ್ತುವುದನ್ನೇ ಬಿಟ್ಟರು. ಒಂದು ದಿನ ಅವನೂ ಟಾಮ್‌ನ ಹಾಗೆಯೇ ಹೋದ. ಮನೆಯವರು ಹೃದಯಾಘಾತ ಅಂದರು. ಊರಿನವರು ಹೌದು ಅಂದರು. ನಾನು ಮಣ್ಣಿಗೆ ಹೋಗಲಿಲ್ಲ. ಅಂದು ಶಾಲೆಯಲ್ಲಿ ಕ್ರೀಡಾಕೂಟ ಇತ್ತು, ಅದೇ ನೆಪವಾಯಿತು. 25 ವರ್ಷದ ಮೇಲಾಯಿತು. ಅದೇ ಶಾಲೆಯ ಹುಡುಗರಿಗೆ ಅವನ ಆಟದ ಬಗ್ಗೆಯೂ ನಾನು ಒಂದು ಮಾತು ಹೇಳಲಿಲ್ಲ. ಸಾವಿನ ಬಗ್ಗೆ ಕೇಳಿಬಿಟ್ಟರೆ ಅಂತ ಹೆದರಿಕೆ. ಟಾಮ್‌ನ ತಾಯಿಯ ಕಥೆ ಓದುವಾಗ ನನಗೆ ನೆನಪಾದದ್ದು ಇವನು.

ನಮ್ಮವರ ಮನೆಗಳಲ್ಲಿ ಇದು ಇನ್ನೂ ಹಾಗೇ ಇದೆ. ಮಗನಿಗೆ ನಿದ್ದೆ ಬರುತ್ತಿಲ್ಲ, ಅಳಿಯ ಜಾಸ್ತಿ ಕುಡಿಯುತ್ತಾನೆ, ಸೊಸೆ ಮಾತು ಬಿಟ್ಟಿದ್ದಾಳೆ, ಯಾವುದನ್ನೂ ಹೊರಗೆ ಹೇಳುವುದಿಲ್ಲ. ಪರದೇಶದಲ್ಲಿ ಇನ್ನೂ ಜಾಸ್ತಿ. ಊರಿಗೆ ಫೋನ್ ಮಾಡಿದರೆ "ಎಲ್ಲಾ ಚೆನ್ನಾಗಿದೆ" ಅನ್ನುತ್ತೇವೆ. ನಿಮ್ಮ ಮಕ್ಕಳು ಟಾಮ್‌ನ ಪೂರ್ತಿ ಕಥೆ ಕೇಳಿದ್ದರೆ, ಮುಂದೆ ಎಂದಾದರೂ ಅವರಿಗೇ ಕತ್ತಲು ಕವಿದಾಗ, ಇಷ್ಟು ದೊಡ್ಡ ಆಟಗಾರನಿಗೂ ಹೀಗಾಗಿತ್ತು ಅಂತ ಬಾಯಿ ಬಿಟ್ಟು ಹೇಳಲು ಒಂದು ದಾರಿ ಇರುತ್ತದೆ. ಇದನ್ನು ಓದುತ್ತಿರುವ ದೊಡ್ಡವರಲ್ಲೂ ಯಾರಿಗಾದರೂ ಹಾಗೆ ಇದ್ದರೆ, ಲೈಫ್‌ಲೈನ್ ಅಂತ ಇದೆ, 13 11 14, ಹಗಲು ರಾತ್ರಿ ಎತ್ತುತ್ತಾರೆ. ದಯವಿಟ್ಟು ಮಾತಾಡಿ.

ಎಂಸಿಜಿ ಪ್ರತಿಮೆಯ ಕೆಳಗಿನ ಬರಹ, ಮೊದಲ ಹತ್ತು ವರ್ಷದಲ್ಲಿ ಈ ಆಟವನ್ನು ಬೆಳೆಸಲು ಟಾಮ್‌ನಷ್ಟು ಮಾಡಿದವರು ಇನ್ನೊಬ್ಬರಿಲ್ಲ ಅಂತ ಹೇಳುತ್ತದೆ. ನಿಜ. ಅದು ಅಲ್ಲೇ ಇರಲಿ. ಕಂಚಿನ ಮೇಲೆ ಹಿಡಿಸದ್ದನ್ನು ನಾವು ಬಾಯಲ್ಲಿ ಹೇಳಬಹುದು. ಜಾಬ್‌ವುರಂಗ್ ಮಕ್ಕಳ ಜೊತೆ ಅವನು ಕುಣಿದದ್ದು, ಗಾಯಿರಿ ಜನರಿಗೆ ಆದದ್ದು, ಉನಾರಿಮಿನ್ ಅವರ ಬ್ಯಾಟು, ಹೈಡಲ್‌ಬರ್ಗ್‌ನ ಕಲ್ಲಿಲ್ಲದ ಸಮಾಧಿ. ಕನ್ನಡದಲ್ಲೇ ಹೇಳಿ. ಈ ಊರಿನ ಕಥೆಯನ್ನು ತಮ್ಮ ಮನೆಮಾತಿನಲ್ಲಿ ಕೇಳಿದ ಮಗುವಿಗೆ ಈ ಊರೂ ಹತ್ತಿರವಾಗುತ್ತದೆ, ಮಾತೂ ಉಳಿಯುತ್ತದೆ.

ನಾನು ಇನ್ನೂ ಎರಡು ತಿಂಗಳು ಇಲ್ಲಿರುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮೊಮ್ಮಗನ ಜೊತೆ ಆ ಪ್ರತಿಮೆಯ ಹತ್ತಿರ ಬರುತ್ತೇನೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಕಥೆ ಅರ್ಧ ಗಂಟೆ, ಆಮೇಲೆ ಪಕ್ಕದ ಹುಲ್ಲಿನ ಮೇಲೆ ಆಟ. ಟೋಪಿ ಮರೆಯಬೇಡಿ, ನೀರು ತನ್ನಿ. ಚೆಂಡು ನಾನು ತರುತ್ತೇನೆ.

ನಿಮ್ಮವನೇ ಆದ,
ಒಬ್ಬ ಹಳೆಯ ಪಿ.ಟಿ. ಮೇಷ್ಟ್ರು